ದಾವೆ ಹಿಂಪಡೆಯುವ ಮೆಮೊದಲ್ಲಿ ಬಿಟ್ಟುಹೋಗುವ ಒಂದು ಸಾಲು

ತಾಲ್ಲೂಕು ನ್ಯಾಯಾಲಯಗಳಲ್ಲಿ ವಕೀಲಿ ವೃತ್ತಿ ಮಾಡುವವರ ಕೈಯಲ್ಲಿ ದಿನವೂ ಓಡಾಡುವ ಕಾಗದಗಳಲ್ಲಿ ಮೆಮೊ ಎಂಬುದು ಎಲ್ಲಕ್ಕಿಂತ ಚಿಕ್ಕದು. ಅದಕ್ಕೆ ಪ್ರಮಾಣಪತ್ರ ಬೇಕಿಲ್ಲ, ಅದು ಅರ್ಧ ಪುಟವನ್ನೂ ತುಂಬುವುದಿಲ್ಲ. ಮೇಲ್ಭಾಗದಲ್ಲಿ ಮೂಲ ದಾವೆಯ ಸಂಖ್ಯೆ, ಅದರ ಕೆಳಗೆ ವಾದಿ ಮತ್ತು ಪ್ರತಿವಾದಿಯ ಹೆಸರು, ಆಮೇಲೆ ಒಂದೇ ವಾಕ್ಯ: ವಾದಿಯು ಈ ದಾವೆಯನ್ನು ಮುಂದುವರಿಸಲು ಇಚ್ಛಿಸುವುದಿಲ್ಲವಾದ್ದರಿಂದ ಹಿಂಪಡೆಯಲು ಅನುಮತಿ ನೀಡಬೇಕು. ಕೆಳಗೆ ವಕೀಲರ ಸಹಿ, ಪಕ್ಕದಲ್ಲಿ ವಾದಿಯ ಸಹಿ ಅಥವಾ ಹೆಬ್ಬೆಟ್ಟು. ಬಹಳ ಕಡೆ ಮೆಮೊ ಇಂಗ್ಲಿಷಿನಲ್ಲಿ ಟೈಪಾಗಿರುತ್ತದೆ, ಸಹಿ ಮಾತ್ರ ಕನ್ನಡದಲ್ಲಿರುತ್ತದೆ. ನ್ಯಾಯಾಧೀಶರು ಆದೇಶ ಹಾಳೆಯಲ್ಲಿ ‘ಮೆಮೊ ದಾಖಲಿಸಲಾಗಿದೆ, ದಾವೆಯನ್ನು ಹಿಂಪಡೆದ ಕಾರಣ ವಜಾ ಮಾಡಲಾಗಿದೆ’ ಎಂದು ಬರೆಸುತ್ತಾರೆ, ಮುಂದಿನ ಪ್ರಕರಣವನ್ನು ಕೂಗಲಾಗುತ್ತದೆ. ಅಷ್ಟರಲ್ಲಿ ತಾನು ಏನನ್ನು ಬಿಟ್ಟುಕೊಟ್ಟೆ ಎಂಬುದು ಬಹಳಷ್ಟು ವಾದಿಗಳಿಗೆ ಗೊತ್ತಾಗುವುದು ವರ್ಷಗಳ ನಂತರ, ಅದೇ ಜಮೀನಿಗೆ ಎರಡನೆಯ ದಾವೆ ಹಾಕಲು ಹೋದಾಗ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 1 ಈ ವಿಷಯವನ್ನು ನಿಯಂತ್ರಿಸುತ್ತದೆ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ನಿಯಮಗಳ ಒಂದು ಅಧ್ಯಾಯ, ನ್ಯಾಯಾಧೀಶರು ಬರೆಸುವ ಆದೇಶವಲ್ಲ). ಅದರ ಮೊದಲನೆಯ ಉಪನಿಯಮದ ಪ್ರಕಾರ ವಾದಿಯು ದಾವೆ ಹೂಡಿದ ನಂತರ ಯಾವಾಗ ಬೇಕಾದರೂ, ಎಲ್ಲ ಪ್ರತಿವಾದಿಗಳ ವಿರುದ್ಧವೋ ಕೆಲವರ ವಿರುದ್ಧವೋ, ಇಡೀ ದಾವೆಯನ್ನೋ ಬೇಡಿಕೆಯ ಒಂದು ಭಾಗವನ್ನೋ ಕೈಬಿಡಬಹುದು. ಅದಕ್ಕೆ ಸಾಮಾನ್ಯವಾಗಿ ಯಾರ ಒಪ್ಪಿಗೆಯೂ ಬೇಕಿಲ್ಲ, ಪ್ರತಿವಾದಿಯ ಒಪ್ಪಿಗೆಯಂತೂ ಬೇಡವೇ ಬೇಡ. ಆದರೆ ನಾಲ್ಕನೆಯ ಉಪನಿಯಮ ಈ ಸ್ವಾತಂತ್ರ್ಯದ ಬೆಲೆಯನ್ನು ಹೇಳುತ್ತದೆ: ಹೀಗೆ ಕೈಬಿಟ್ಟ ವಾದಿ, ಅಥವಾ ಮೂರನೆಯ ಉಪನಿಯಮದ ಅನುಮತಿ ಪಡೆಯದೆ ದಾವೆಯನ್ನು ಹಿಂಪಡೆದ ವಾದಿ, ನ್ಯಾಯಾಲಯ ವಿಧಿಸಿದ ಖರ್ಚನ್ನು ಭರಿಸಬೇಕಾಗುತ್ತದೆ, ಅದೇ ವಿಷಯದ ಬಗ್ಗೆ ಹೊಸ ದಾವೆ ಹೂಡದಂತೆ ನಿರ್ಬಂಧಿತನೂ ಆಗುತ್ತಾನೆ. ಮೂರನೆಯ ಉಪನಿಯಮ ಹೇಳುವ ಅನುಮತಿ ಬೇರೆಯೇ ಬಗೆಯದು. ದಾವೆಯಲ್ಲಿ ಯಾವುದೋ ಔಪಚಾರಿಕ ದೋಷವಿದ್ದು ಅದರಿಂದಾಗಿ ಅದು ಬಿದ್ದೇ ಹೋಗುತ್ತದೆ ಎಂದೋ, ಅಥವಾ ಹೊಸ ದಾವೆಗೆ ಅವಕಾಶ ಕೊಡಲು ಸಾಕಷ್ಟು ಕಾರಣಗಳಿವೆ ಎಂದೋ ನ್ಯಾಯಾಲಯಕ್ಕೆ ಮನವರಿಕೆಯಾದರೆ, ತನಗೆ ಸರಿಕಂಡ ಷರತ್ತುಗಳೊಂದಿಗೆ, ಹೊಸ ದಾವೆ ಹೂಡುವ ಸ್ವಾತಂತ್ರ್ಯವನ್ನು ಉಳಿಸಿ ಹಿಂಪಡೆಯಲು ಬಿಡಬಹುದು.

ಮೇಲೆ ಹೇಳಿದ ಮೆಮೊದಲ್ಲಿಯೂ ‘ಅನುಮತಿ’ ಎಂಬ ಪದವಿದೆ ಎಂಬುದನ್ನು ಗಮನಿಸಬೇಕು. ಅದು ಹೊರಗೆ ಹೋಗಲು ಕೇಳಿದ ಅನುಮತಿ ಮಾತ್ರ, ಮತ್ತೆ ಒಳಗೆ ಬರಲು ಕೇಳಿದ್ದಲ್ಲ. ಹೊಸ ದಾವೆ ಹೂಡುವ ಸ್ವಾತಂತ್ರ್ಯವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿರಬೇಕು, ಕಾರಣವನ್ನು ಹೇಳಿರಬೇಕು, ಆದೇಶದಲ್ಲಿ ಅದು ಬಂದಿರಬೇಕು.

ಈ ನಿಯಮ ಹೊಸದಲ್ಲ. 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೆಯ ಕಲಮಿನಲ್ಲಿಯೂ, 1882ರ ಸಂಹಿತೆಯ 373ನೆಯ ಕಲಮಿನಲ್ಲಿಯೂ ಇದೇ ತತ್ವವಿತ್ತು. ಈಗಿರುವ ರೂಪ 1976ರ ತಿದ್ದುಪಡಿಯಿಂದ ಬಂದದ್ದು. ಬೇಷರತ್ತಾಗಿ ಕೈಬಿಡುವುದನ್ನೂ ಅನುಮತಿಯೊಂದಿಗೆ ಹಿಂಪಡೆಯುವುದನ್ನೂ ಆ ತಿದ್ದುಪಡಿ ಬೇರೆ ಬೇರೆ ಪದಗಳಲ್ಲಿ ಸ್ಪಷ್ಟಪಡಿಸಿತು. ಇದರ ಹಿಂದಿನ ಕಾಳಜಿ ಪ್ರತಿವಾದಿಯ ಕುರಿತದ್ದು, ಮತ್ತು ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದ ಕಾಳಜಿಯೇ. ವಕಾಲತ್ತು ಹಾಕಿಸಿ, ಲಿಖಿತ ಹೇಳಿಕೆ ಕೊಟ್ಟು, ಸಾಕ್ಷಿಗಳನ್ನು ಕರೆತಂದು, ವಾದಿಯ ಪಾಟೀಸವಾಲು ಮುಗಿಯುವ ಹೊತ್ತಿಗೆ ವಾದಿ ತನ್ನ ಕೇಸು ದುರ್ಬಲವಾಗಿದೆ ಎಂದು ಕಂಡುಕೊಂಡು ಎದ್ದು ಹೋಗಿ, ಮರುವರ್ಷ ಅದನ್ನೇ ಸರಿಪಡಿಸಿಕೊಂಡು ಮತ್ತೆ ಬಂದರೆ ಪ್ರತಿವಾದಿಗೆ ಬಿಡುಗಡೆಯೇ ಇರುವುದಿಲ್ಲ. ಆದ್ದರಿಂದ ನಿಯಮ ಕಠಿಣವಾಗಿರುವುದರ ಬಗ್ಗೆ ನನ್ನ ತಕರಾರಿಲ್ಲ. ಆ ಕಠಿಣತೆ ಗೊತ್ತಿಲ್ಲದವರ ಕೈಯಿಂದ ಸಹಿ ಹಾಕಿಸಿಕೊಳ್ಳುವ ರೂಢಿಯ ಬಗ್ಗೆ ಇದೆ.

ನನ್ನ ಬಳಿಗೆ ಬಂದ ಒಂದು ಕಡತದ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಒಬ್ಬ ರೈತನ ಜಮೀನಿನ ಪೂರ್ವದ ಬದುವನ್ನು ಪಕ್ಕದ ಜಮೀನಿನವರು ಕಿತ್ತು, ಆರು ಗುಂಟೆಯಷ್ಟು ಒಳಗೆ ಬಂದು ಉಳುಮೆ ಮಾಡಿದ್ದರು. ರೈತ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಟ್ಟು, ಭೂಮಾಪಕರಿಂದ ನಕ್ಷೆ ಪಡೆದು, ಒತ್ತುವರಿಯಾದ ಭಾಗದ ಸ್ವಾಧೀನಕ್ಕಾಗಿ ದಾವೆ ಹೂಡಿದ್ದ. ನಕ್ಷೆ ಅವನ ಪರವಾಗಿತ್ತು, ಪಹಣಿ ಅವನ ಹೆಸರಿನಲ್ಲಿತ್ತು, ವಾದಿಯ ಸಾಕ್ಷ್ಯವೂ ಆರಂಭವಾಗಿತ್ತು. ಅಷ್ಟರಲ್ಲಿ ಊರಿನ ಹಿರಿಯರು ಇಬ್ಬರನ್ನೂ ಅಶ್ವತ್ಥಕಟ್ಟೆಯ ಮೇಲೆ ಕೂರಿಸಿ ರಾಜಿ ಮಾಡಿಸಿದರು. ಈ ಬೆಳೆ ಕೊಯ್ಲಾದ ಮೇಲೆ ಜಾಗ ಬಿಟ್ಟುಕೊಡುವುದು, ಬದು ಹಾಕಿಕೊಡುವುದು, ಅದಕ್ಕೆ ಪ್ರತಿಯಾಗಿ ಕೇಸು ವಾಪಸ್ ಪಡೆಯುವುದು ಎಂದು ಮಾತಾಯಿತು. ಕಾಗದ ಆಗಲಿಲ್ಲ, ಏಕೆಂದರೆ ಹಿರಿಯರ ಮುಂದೆ ಕಾಗದ ಕೇಳುವುದು ಅವರ ಮಾತಿನ ಮೇಲೆ ಅನುಮಾನಪಟ್ಟಂತಾಗುತ್ತದೆ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮುಂದಿನ ವಾಯಿದೆಗೆ ಮೆಮೊ ಹೋಯಿತು. ಅದರಲ್ಲಿ ರಾಜಿಯ ವಿವರ ಇರಲಿಲ್ಲ, ಹೊಸ ದಾವೆಯ ಸ್ವಾತಂತ್ರ್ಯದ ಮಾತೂ ಇರಲಿಲ್ಲ. ಕೊಯ್ಲಾಯಿತು, ಜಾಗ ಬಿಡಲಿಲ್ಲ. ಮಾತು ಕೊಡಿಸಿದ ಹಿರಿಯರಲ್ಲಿ ಮುಖ್ಯರಾದವರು ಅಷ್ಟರಲ್ಲಿ ತೀರಿಕೊಂಡಿದ್ದರು. ರೈತ ಬೇರೊಬ್ಬ ವಕೀಲರ ಮೂಲಕ ಎರಡನೆಯ ದಾವೆ ಹೂಡಿದ. ಅದೇ ಸರ್ವೆ ನಂಬರು, ಅದೇ ಆರು ಗುಂಟೆ, ಅದೇ ನಕ್ಷೆ, ಅದೇ ಪರಿಹಾರ. ಪ್ರತಿವಾದಿಯ ಲಿಖಿತ ಹೇಳಿಕೆಯ ಮೊದಲ ಕಂಡಿಕೆಯಲ್ಲಿಯೇ ಆದೇಶ 23ರ ಆಕ್ಷೇಪಣೆ ಬಂತು, ಹಳೆಯ ಆದೇಶ ಹಾಳೆಯ ದೃಢೀಕೃತ ಪ್ರತಿ ಅದರ ಜೊತೆಗಿತ್ತು. ದಾವೆ ಬಿದ್ದುಹೋಯಿತು. ಕಡತ ನನ್ನ ಮೇಜಿಗೆ ಬಂದದ್ದು ಅದಾದ ಮೇಲೆ.

ಆ ಆದೇಶದಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಜಾಗ ಯಾರದು ಎಂಬ ಪ್ರಶ್ನೆಗೆ ಯಾವ ನ್ಯಾಯಾಲಯವೂ ಉತ್ತರಿಸಿರಲಿಲ್ಲ, ಆದರೆ ಆ ಪ್ರಶ್ನೆಯನ್ನು ಕೇಳುವ ಹಕ್ಕನ್ನು ವಾದಿಯೇ ಕೈಬಿಟ್ಟಿದ್ದ. ಇಲ್ಲಿ ಈ ನಿರ್ಬಂಧಕ್ಕೂ ರೆಸ್ ಜುಡಿಕೇಟಾಕ್ಕೂ (ಒಮ್ಮೆ ತೀರ್ಮಾನವಾದ ವಿಷಯವನ್ನು ಮತ್ತೆ ಎತ್ತುವಂತಿಲ್ಲ ಎಂಬ ತತ್ವ) ಇರುವ ವ್ಯತ್ಯಾಸ ಕಾಣುತ್ತದೆ. ಸಂಹಿತೆಯ 11ನೆಯ ಕಲಮಿನ ರೆಸ್ ಜುಡಿಕೇಟಾ ಅನ್ವಯವಾಗಬೇಕಾದರೆ ವಿಷಯದ ವಿಚಾರಣೆ ನಡೆದು ತೀರ್ಮಾನವಾಗಿರಬೇಕು. ಆದೇಶ 23ಕ್ಕೆ ತೀರ್ಮಾನದ ಅಗತ್ಯವೇ ಇಲ್ಲ, ಹಿಂದೆಗೆತವೊಂದೇ ಸಾಕು. ಅದೇ ಕಾರಣದಿಂದ ಇದು ಪರಿಹಾರ ಕೇಳುವ ದಾರಿಯನ್ನು ಮುಚ್ಚುತ್ತದೆಯೇ ಹೊರತು ಆಸ್ತಿಯ ಮೇಲಿನ ಹಕ್ಕನ್ನೇ ಅಳಿಸುವುದಿಲ್ಲ. ಹಾಗೆ ಹಿಂಪಡೆದವನು ಇನ್ನೂ ಸ್ವಾಧೀನದಲ್ಲಿದ್ದು, ನಾಳೆ ಎದುರಾಳಿಯೇ ಅವನ ಮೇಲೆ ದಾವೆ ಹೂಡಿದರೆ, ತನ್ನ ಹಕ್ಕನ್ನು ಪ್ರತಿವಾದವಾಗಿ ಎತ್ತಲು ಅಡ್ಡಿಯಿಲ್ಲ. ಆದರೆ ನಮ್ಮ ರೈತನಂತೆ ಸ್ವಾಧೀನ ಕಳೆದುಕೊಂಡವನಿಗೆ ಈ ಮಾತಿನಿಂದ ಏನೂ ಸಿಗುವುದಿಲ್ಲ.

ಹಾಗಾದರೆ ನ್ಯಾಯಾಲಯ ಯಾವಾಗ ಹೊಸ ದಾವೆಗೆ ಅನುಮತಿ ಕೊಡುತ್ತದೆ? ಔಪಚಾರಿಕ ದೋಷ ಎಂದರೆ ದಾವೆಯ ಹೂರಣಕ್ಕೆ ಸಂಬಂಧಿಸದ, ಕಾರ್ಯವಿಧಾನದ ನಿಯಮಗಳು ಹೇಳಿದ ರೂಪದಲ್ಲಿ ಉಳಿದುಹೋದ ಕೊರತೆ. ವಿ. ರಾಜೇಂದ್ರನ್ ವಿರುದ್ಧ ಅಣ್ಣಸಾಮಿ ಪಾಂಡಿಯನ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉದಾಹರಣೆಗಳನ್ನು ಕೊಟ್ಟಿದೆ: ಸರ್ಕಾರಕ್ಕೆ ಸಂಹಿತೆಯ 80ನೆಯ ಕಲಮಿನ ನೋಟಿಸು ಕೊಡದಿರುವುದು, ದಾವೆಯ ಮೌಲ್ಯವನ್ನು ಸರಿಯಾಗಿ ತೋರಿಸದಿರುವುದು, ನ್ಯಾಯಾಲಯ ಶುಲ್ಕ ಸಾಲದಿರುವುದು, ದಾವೆಯ ಸ್ವತ್ತನ್ನು ಗುರುತಿಸುವಲ್ಲಿ ಗೊಂದಲ, ಸೇರಬಾರದ ಪಕ್ಷಕಾರರನ್ನು ಸೇರಿಸಿರುವುದು, ಇಂಥವು. ನಮ್ಮ ಕಡೆಯ ಅನುಭವದಲ್ಲಿ ಸ್ವತ್ತಿನ ಗೊಂದಲವೇ ಹೆಚ್ಚು. ಪೋಡಿಯಾಗಿ, ಅಂದರೆ ಸರ್ವೆ ನಂಬರು ಭಾಗಗಳಾಗಿ ಒಡೆದು, ಹಿಸ್ಸಾ ನಂಬರು ಬದಲಾಗಿರುತ್ತದೆ, ದಾವೆಯ ಷೆಡ್ಯೂಲಿನಲ್ಲಿ ಹಳೆಯ ನಂಬರೇ ಉಳಿದಿರುತ್ತದೆ, ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಪೂರ್ವಕ್ಕೆ ಬರಬೇಕಾದದ್ದು ಪಶ್ಚಿಮಕ್ಕೆ ಬಂದಿರುತ್ತದೆ. ಸರ್ಕಾರದ ವಿರುದ್ಧ, ಅಂದರೆ ತಹಶೀಲ್ದಾರರನ್ನೋ ಜಿಲ್ಲಾಧಿಕಾರಿಯನ್ನೋ ಸೇರಿಸಿ ಹೂಡುವ ದಾವೆಗಳಲ್ಲಿ ಎರಡು ತಿಂಗಳ ಮುಂಚಿನ ನೋಟಿಸು ಬಿಟ್ಟುಹೋಗುವುದೂ ಉಂಟು. ಇಂಥ ಕಾರಣಗಳನ್ನು ಪ್ರಾಮಾಣಿಕವಾಗಿ ಬರೆದು, ಪ್ರಮಾಣಪತ್ರದೊಂದಿಗೆ ಮಧ್ಯಂತರ ಅರ್ಜಿ ಸಲ್ಲಿಸಿದರೆ ಅನುಮತಿ ಸಿಗುವ ಸಂಭವ ಹೆಚ್ಚು.

ಇದಕ್ಕೆ ವಿರುದ್ಧವಾಗಿ, ಸಾಕ್ಷ್ಯ ದುರ್ಬಲವಾಯಿತು, ದಾಖಲೆ ಹಾಜರುಪಡಿಸುವುದು ಮರೆತುಹೋಯಿತು, ಪಾಟೀಸವಾಲಿನಲ್ಲಿ ವಾದಿ ಒಪ್ಪಬಾರದ್ದನ್ನು ಒಪ್ಪಿಕೊಂಡ ಎಂಬ ಕಾರಣಗಳಿಗೆ ಅನುಮತಿ ಇಲ್ಲ. ಕೆ.ಎಸ್. ಭೂಪತಿ ವಿರುದ್ಧ ಕೋಕಿಲಾ ಪ್ರಕರಣ ಇಲ್ಲಿ ಮುಖ್ಯವಾದದ್ದು. ಅದು ಮದ್ರಾಸ್ ಹೈಕೋರ್ಟಿನಿಂದ ಹೋದ ಪ್ರಕರಣ. ಕೆಳಗೆ ಸೋತಿದ್ದ ವಾದಿಗಳಿಗೆ ಎರಡನೆಯ ಮೇಲ್ಮನವಿಯ ಹಂತದಲ್ಲಿ ಹೈಕೋರ್ಟು ದಾವೆಯನ್ನೇ ಹಿಂಪಡೆದು ಹೊಸದಾಗಿ ಹೂಡಲು ಅನುಮತಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನು ರದ್ದುಪಡಿಸಿತು. ಅನುಮತಿಯನ್ನು ಯಾಂತ್ರಿಕವಾಗಿ ಕೊಡುವಂತಿಲ್ಲ, ಕಾರಣಗಳಿವೆಯೆಂದು ನ್ಯಾಯಾಲಯಕ್ಕೆ ತೃಪ್ತಿಯಾಗಲೇಬೇಕು ಎಂಬುದು ಅದರ ಸಾರ. ಮೇಲ್ಮನವಿಯ ಹಂತಕ್ಕೆ ಬಂದಾಗ ಎಚ್ಚರ ಹೆಚ್ಚಾಗುವುದು ಸಹಜ, ಏಕೆಂದರೆ ಆ ಹೊತ್ತಿಗೆ ಗೆದ್ದವರ ಕೈಯಲ್ಲಿ ಡಿಕ್ರಿ, ಅಂದರೆ ದಾವೆಯ ತೀರ್ಮಾನವನ್ನು ಹೇಳುವ ನ್ಯಾಯಾಲಯದ ವಿಧ್ಯುಕ್ತ ಆದೇಶ, ಇರುತ್ತದೆ. ಡಿಕ್ರಿಯಿಂದ ಎದುರು ಪಕ್ಷಕ್ಕೆ ಹುಟ್ಟಿದ ಹಕ್ಕನ್ನು ಹಿಂದೆಗೆತದ ಮೂಲಕ ಅಳಿಸಲು ಬಿಡಬಾರದು ಎಂದು ಆರ್. ರತಿನವೇಲ್ ಚೆಟ್ಟಿಯಾರ್ ವಿರುದ್ಧ ವಿ. ಶಿವರಾಮನ್ ಪ್ರಕರಣದಲ್ಲಿ 1999ರಲ್ಲಿಯೇ ಹೇಳಲಾಗಿತ್ತು.

ಇನ್ನೊಂದು ಸಂದರ್ಭ ನಮ್ಮಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ವಾದಿ ಬರೀ ನಿರ್ಬಂಧಕಾಜ್ಞೆಗಾಗಿ, ಅಂದರೆ ಪ್ರತಿವಾದಿ ಅಡ್ಡಿಪಡಿಸದಂತೆ ತಡೆಯುವ ಆಜ್ಞೆಗಾಗಿ, ದಾವೆ ಹೂಡಿರುತ್ತಾನೆ. ಪ್ರತಿವಾದಿ ಒಂದು ಕ್ರಯಪತ್ರವನ್ನೋ ವಿಭಾಗಪತ್ರವನ್ನೋ ಮುಂದಿಟ್ಟು ವಾದಿಯ ಹಕ್ಕನ್ನೇ ಪ್ರಶ್ನಿಸುತ್ತಾನೆ. ಹಕ್ಕಿನ ಮೇಲೆ ಇಂಥ ಮೋಡ ಕವಿದಾಗ ಬರೀ ನಿರ್ಬಂಧಕಾಜ್ಞೆಯ ದಾವೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು ಎಂಬುದನ್ನು ಅನಾತುಲ ಸುಧಾಕರ್ ವಿರುದ್ಧ ಪಿ. ಬುಚ್ಚಿ ರೆಡ್ಡಿ ಪ್ರಕರಣದ 2008ರ ತೀರ್ಪು ವಿವರವಾಗಿ ಹೇಳಿದೆ. ಅದನ್ನು ಬರೆದವರು, ಮೊದಲು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಆ ತೀರ್ಪು ಬಂದ ಮೇಲೆ, ನಿರ್ಬಂಧಕಾಜ್ಞೆಯ ದಾವೆಯನ್ನು ಹಿಂಪಡೆದು ಸಮಗ್ರ ದಾವೆ ಹೂಡೋಣ ಎಂಬ ಸಲಹೆ ನಮ್ಮ ವಕೀಲರ ಸಂಘಗಳ ಕೊಠಡಿಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಸಲಹೆಯ ಉದ್ದೇಶ ಸರಿಯಾದದ್ದೇ, ಆದರೆ ಸಾಧ್ಯವಿದ್ದಲ್ಲೆಲ್ಲ ಆದೇಶ 6, ನಿಯಮ 17ರ ಅಡಿಯಲ್ಲಿ ತಿದ್ದುಪಡಿ ಅರ್ಜಿ ಹಾಕಿ ಅದೇ ದಾವೆಯೊಳಗೆ ಘೋಷಣೆಯನ್ನು ಸೇರಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಾಕ್ಷ್ಯದ ಹಂತ ತಲುಪಿದ ಮೇಲೆ ತಿದ್ದುಪಡಿ ಸುಲಭವಲ್ಲ ಎಂಬುದು ನಿಜ. ಆಗಲೂ ಹಿಂಪಡೆಯುವುದಾದರೆ ಈ ಕಾರಣವನ್ನೇ ಸ್ಪಷ್ಟವಾಗಿ ಬರೆದು ಅನುಮತಿ ಕೇಳಬೇಕೇ ಹೊರತು ಮೆಮೊ ಹಾಕಬಾರದು.

ನಿರ್ಬಂಧವಿರುವುದು ‘ಅದೇ ವಿಷಯ’ಕ್ಕೆ ಮಾತ್ರ. ಆ ವಿಷಯದ ಗಡಿ ಎಲ್ಲಿಯವರೆಗೆ ಎಂಬುದನ್ನು ವಲ್ಲಭ ದಾಸ್ ವಿರುದ್ಧ ಡಾ. ಮದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲಿ ತೀರ್ಮಾನಿಸಿತು. ಅಲ್ಲಿ ದತ್ತುಪುತ್ರನೊಬ್ಬ ಮೊದಲು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳಿ ಹೂಡಿದ್ದ ದಾವೆಯನ್ನು ಹಿಂಪಡೆದಿದ್ದ. ದತ್ತುತಂದೆಯೂ ತಾಯಿಯೂ ತೀರಿಕೊಂಡ ನಂತರ, ತಾನೇ ಹಕ್ಕುದಾರನೆಂದು ಹೇಳಿ, ಅತಿಕ್ರಮಿಸಿದವನಿಂದ ಸ್ವಾಧೀನ ಕೇಳಿ ಮತ್ತೊಂದು ದಾವೆ ಹೂಡಿದ. ಎರಡರಲ್ಲಿಯೂ ದತ್ತು ಸಿಂಧುವೇ ಎಂಬ ಪ್ರಶ್ನೆ ಇತ್ತು. ಆದರೂ ಎರಡನೆಯ ದಾವೆಗೆ ಅಡ್ಡಿಯಿಲ್ಲವೆಂದಾಯಿತು, ಏಕೆಂದರೆ ಮೊದಲನೆಯದರ ದಾವಾ ಕಾರಣ (ದಾವೆ ಹೂಡುವ ಹಕ್ಕನ್ನು ಹುಟ್ಟಿಸಿದ ಸಂಗತಿ) ಕುಟುಂಬದಿಂದ ಬೇರೆಯಾದದ್ದು, ಎರಡನೆಯದರ ದಾವಾ ಕಾರಣ ದತ್ತು ಪಡೆದವರ ಮರಣದ ನಂತರ ಹುಟ್ಟಿದ್ದು. ಕೇಳಿದ ಪರಿಹಾರಗಳೂ ಬೇರೆ. ಒಂದೆರಡು ವಿವಾದಾಂಶಗಳು ಸಮಾನವಾಗಿದ್ದ ಮಾತ್ರಕ್ಕೆ ವಿಷಯ ಒಂದೇ ಆಗುವುದಿಲ್ಲ. ದಾವಾ ಕಾರಣವೂ ಪರಿಹಾರವೂ ಎರಡೂ ಅವೇ ಆಗಿದ್ದರೆ ಮಾತ್ರ ನಿರ್ಬಂಧ.

ಈ ತೀರ್ಪಿನ ಉಪಯೋಗ ದೊಡ್ಡದು. ನಿರ್ಬಂಧಕಾಜ್ಞೆಯ ದಾವೆಯನ್ನು ಹಿಂಪಡೆದ ಮೇಲೆ ಪ್ರತಿವಾದಿ ಬೇರೊಂದು ದಿನ ಹೊಸದಾಗಿ ನುಗ್ಗಿ ಬಂದರೆ ಅದು ಹೊಸ ದಾವಾ ಕಾರಣವಾಗಬಲ್ಲದು. ಆಗ ಹೊಸ ಘಟನೆಯ ದಿನಾಂಕ, ಸ್ವರೂಪ, ನೋಡಿದವರು ಯಾರು ಎಂಬುದನ್ನು ವಾದಪತ್ರದಲ್ಲಿ ಬಿಡಿಬಿಡಿಯಾಗಿ ಬರೆಯಬೇಕು. ಹಳೆಯ ವಾದಪತ್ರವನ್ನೇ ನಕಲು ಮಾಡಿ ಕೊನೆಯಲ್ಲಿ ಒಂದು ದಿನಾಂಕ ಸೇರಿಸಿದರೆ ನ್ಯಾಯಾಲಯ ಅದರ ಹಿಂದಿರುವುದನ್ನು ನೋಡದೆ ಇರುವುದಿಲ್ಲ. ಬಾಡಿಗೆದಾರನ ತೆರವಿನ ವಿಷಯದಲ್ಲಿ ಆಮೇಲೆ ಬಾಕಿಯಾದ ಬಾಡಿಗೆ ಹೊಸ ಕಾರಣ ಎಂಬುದೂ ಇದೇ ತರ್ಕ. ಪಾಲಿನ ದಾವೆಗಳಿಗೆ ಹೈಕೋರ್ಟುಗಳು ಇನ್ನೂ ಹೆಚ್ಚಿನ ರಕ್ಷಣೆ ಕೊಟ್ಟಿವೆ. ಕುಟುಂಬದ ಆಸ್ತಿ ಜಂಟಿಯಾಗಿ ಉಳಿದಿರುವವರೆಗೂ ಪಾಲು ಕೇಳುವ ಹಕ್ಕು ದಿನದಿನವೂ ಜೀವಂತವಾಗಿರುವುದರಿಂದ, ಒಮ್ಮೆ ಪಾಲಿನ ದಾವೆಯನ್ನು ಅನುಮತಿಯಿಲ್ಲದೆ ಹಿಂಪಡೆದರೂ ಮತ್ತೆ ಹೂಡಬಹುದು ಎಂದು ಹಲವು ತೀರ್ಪುಗಳಿವೆ. ತವರಿನವರ ಮಾತಿಗೆ ಕಟ್ಟುಬಿದ್ದು, ಹಬ್ಬದ ಹೊತ್ತಿಗೆ ಕೇಸು ವಾಪಸ್ ಪಡೆದು, ಆಮೇಲೆ ಒಂದು ಗುಂಟೆಯೂ ಸಿಗದೆ ಉಳಿದ ಹೆಣ್ಣುಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಇದು ಗೊತ್ತಿರಬೇಕು. ನೆನಪಿಡಬೇಕಾದ ಒಂದು ಎಚ್ಚರವೆಂದರೆ, ಆ ನಡುವೆ ವಿಭಾಗವೇ ಆಗಿಹೋಗಿದ್ದರೆ, ಅಥವಾ ತಾನೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದರೆ ಈ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ.

ದಾವೆಗಳು ಮುಗಿಯುವ ಬೇರೆ ರೀತಿಗಳೊಂದಿಗೆ ಇದನ್ನು ಬೆರೆಸಬಾರದು. ಆದೇಶ 7, ನಿಯಮ 11ರ ಅಡಿಯಲ್ಲಿ ವಾದಪತ್ರ ತಿರಸ್ಕೃತವಾದರೆ ಹೊಸ ವಾದಪತ್ರ ಸಲ್ಲಿಸಲು ಅದೇ ಆದೇಶದ 13ನೆಯ ನಿಯಮ ಅವಕಾಶ ಕೊಡುತ್ತದೆ. ವಾಯಿದೆಗೆ ಎರಡೂ ಕಡೆಯವರು ಬಾರದೆ ದಾವೆ ವಜಾ ಆದರೆ ಕಾಲಮಿತಿಯೊಳಗೆ ಹೊಸ ದಾವೆ ಹೂಡಬಹುದು. ಪ್ರತಿವಾದಿ ಬಂದಿದ್ದು ವಾದಿ ಮಾತ್ರ ಬಾರದೆ ವಜಾ ಆದರೆ ಹೊಸ ದಾವೆ ಇಲ್ಲ, ಆದರೆ 30 ದಿನಗಳೊಳಗೆ ಅರ್ಜಿ ಹಾಕಿ, ಬಾರದಿರಲು ತಕ್ಕ ಕಾರಣ ತೋರಿಸಿ ಹಳೆಯ ದಾವೆಯನ್ನೇ ಮರಳಿ ದಾಖಲಿಸಿಕೊಳ್ಳುವಂತೆ ಕೇಳಬಹುದು. ತಾನಾಗಿ ಹಿಂಪಡೆದವನಿಗೆ ಈ ಯಾವ ನಿಯಮದ ಆಸರೆಯೂ ಇಲ್ಲ.

ಆದೇಶದ ಮಾತುಗಳ ವಿಷಯದಲ್ಲಿ ಒಂದು ತೊಡಕಿದೆ. ವಾದಿ ಹೊಸ ದಾವೆಯ ಸ್ವಾತಂತ್ರ್ಯದೊಂದಿಗೆ ಹಿಂಪಡೆಯಲು ಅರ್ಜಿ ಹಾಕಿರುತ್ತಾನೆ. ನ್ಯಾಯಾಲಯ ‘ಹಿಂಪಡೆಯಲು ಅನುಮತಿಸಿದೆ’ ಎಂದಷ್ಟೇ ಬರೆದು ಸ್ವಾತಂತ್ರ್ಯದ ಬಗ್ಗೆ ಏನೂ ಹೇಳುವುದಿಲ್ಲ. ಅರ್ಜಿಯನ್ನೂ ಆದೇಶವನ್ನೂ ಒಟ್ಟಿಗೆ ಓದಿ ಅನುಮತಿ ಇದೆಯೆಂದೇ ತಿಳಿಯಬೇಕು ಎಂದು ಹಲವು ಹೈಕೋರ್ಟುಗಳು ಹೇಳಿವೆ. ಅಂಥ ಅರ್ಜಿಯನ್ನು ಎರಡು ತುಂಡು ಮಾಡಿ, ಹಿಂಪಡೆಯುವುದನ್ನು ಒಪ್ಪಿ ಸ್ವಾತಂತ್ರ್ಯವನ್ನು ನಿರಾಕರಿಸುವಂತಿಲ್ಲ, ಒಪ್ಪದಿದ್ದರೆ ಇಡೀ ಅರ್ಜಿಯನ್ನು ತಿರಸ್ಕರಿಸಿ ದಾವೆಯನ್ನು ಮುಂದುವರಿಸಬೇಕು ಎಂಬ ತೀರ್ಪುಗಳೂ ಇವೆ. ಈ ತೀರ್ಪುಗಳು ವಾದಿಯ ನೆರವಿಗೆ ಬರುತ್ತವೆ, ಆದರೆ ಮುಂದೊಂದು ದಿನ ಅವುಗಳನ್ನು ಉದ್ಧರಿಸಿ ವಾದಿಸಬೇಕಾದ ಸ್ಥಿತಿಗೆ ಕಕ್ಷಿದಾರನನ್ನು ಏಕೆ ತಳ್ಳಬೇಕು? ಆದೇಶವಾದ ದಿನವೇ ಅದನ್ನು ಓದಿ, ಸ್ವಾತಂತ್ರ್ಯದ ಮಾತು ಬಿಟ್ಟುಹೋಗಿದ್ದರೆ ಕೂಡಲೇ ಸರಿಪಡಿಸಲು ಕೇಳಬೇಕು. ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರತಿ ಪ್ರಕರಣವನ್ನು ಗುರುತಿಸುವ, 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಪ್ರಕರಣದ ಸ್ಥಿತಿ ಸಿಗುತ್ತದೆ, ಅಪ್‌ಲೋಡ್ ಆಗಿದ್ದರೆ ಆದೇಶವೂ ಸಿಗುತ್ತದೆ. ಕಕ್ಷಿದಾರರೇ, ಅಥವಾ ಅವರ ಮನೆಯ ಓದಿದ ಮಕ್ಕಳೇ ನೋಡಿಕೊಳ್ಳಬಹುದು.

ಅನುಮತಿ ಸಿಕ್ಕಿದರೂ ಕಾಲಮಿತಿ ಕಾಯುವುದಿಲ್ಲ. ಆದೇಶ 23ರ ಎರಡನೆಯ ನಿಯಮದ ಪ್ರಕಾರ ಹೊಸ ದಾವೆಗೆ ಕಾಲಮಿತಿಯನ್ನು ಲೆಕ್ಕ ಹಾಕುವಾಗ ಮೊದಲ ದಾವೆ ಹೂಡಿಯೇ ಇರಲಿಲ್ಲ ಎಂಬಂತೆ ನೋಡಬೇಕು. ಘೋಷಣೆಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ಮೊದಲ ದಾವೆಯೇ ನ್ಯಾಯಾಲಯದಲ್ಲಿ ನಾಲ್ಕು ವರ್ಷ ಉಳಿದಿದ್ದರೆ ಹೊಸ ದಾವೆ ಹುಟ್ಟುವ ಮೊದಲೇ ಸತ್ತಿರಬಹುದು. ಇದಕ್ಕೆ ಒಂದು ಹೊರಗುಳಿತವನ್ನು 1963ರ ಕಾಲಮಿತಿ ಅಧಿನಿಯಮದ 14ನೆಯ ಕಲಮಿನ ಮೂರನೆಯ ಉಪಕಲಮು ಕೊಡುತ್ತದೆ. ಮೊದಲ ದಾವೆ ನ್ಯಾಯಾಲಯದ ಅಧಿಕಾರವ್ಯಾಪ್ತಿಯ ದೋಷದಿಂದಲೋ ಅಂಥದೇ ಬೇರೆ ಕಾರಣದಿಂದಲೋ ಬಿದ್ದುಹೋಗುವಂತಿತ್ತು ಎಂಬ ಆಧಾರದ ಮೇಲೆ ಅನುಮತಿ ಸಿಕ್ಕಿದ್ದರೆ, ಅಲ್ಲಿ ಸದ್ಭಾವನೆಯಿಂದ, ಶ್ರದ್ಧೆಯಿಂದ ಕಳೆದ ಅವಧಿಯನ್ನು ಬಿಟ್ಟು ಲೆಕ್ಕ ಹಾಕಬಹುದು. ಆದ್ದರಿಂದ ಅರ್ಜಿಯಲ್ಲಿ ಬರೆಯುವ ಕಾರಣ ಅನುಮತಿ ಪಡೆಯಲು ಮಾತ್ರವಲ್ಲ, ಆಮೇಲಿನ ಕಾಲಮಿತಿಯ ವಾದಕ್ಕೂ ಅಡಿಪಾಯವಾಗುತ್ತದೆ.

ಕೆಲವರ ವಿಷಯದಲ್ಲಿ ಕಾನೂನು ತಾನೇ ಕಾವಲು ನಿಂತಿದೆ. ವಾದಿ ಅಪ್ರಾಪ್ತ ವಯಸ್ಕನಾಗಿದ್ದರೆ ನ್ಯಾಯಾಲಯದ ಅನುಮತಿಯಿಲ್ಲದೆ ದಾವೆಯನ್ನಾಗಲಿ ಬೇಡಿಕೆಯ ಭಾಗವನ್ನಾಗಲಿ ಕೈಬಿಡುವಂತಿಲ್ಲ. ಆ ಅನುಮತಿಗೆ ಅವನ ಪರವಾಗಿ ದಾವೆ ನಡೆಸುವವರ ಪ್ರಮಾಣಪತ್ರವೂ, ವಕೀಲರಿದ್ದರೆ, ಇದು ಅಪ್ರಾಪ್ತನ ಹಿತಕ್ಕೆ ಪೂರಕವೆಂಬ ಅವರ ದೃಢೀಕರಣವೂ ಬೇಕು. ಹಲವು ವಾದಿಗಳಿದ್ದರೆ ಉಳಿದವರ ಒಪ್ಪಿಗೆಯಿಲ್ಲದೆ ಒಬ್ಬನಿಗೆ ಹಿಂಪಡೆಯಲು ಅನುಮತಿ ಕೊಡಲು ಈ ನಿಯಮದಲ್ಲಿ ಅಧಿಕಾರವಿಲ್ಲ. ಊರಿನ ದೇವಸ್ಥಾನ, ಗೋಮಾಳ, ಕೆರೆಯ ದಾರಿ ಎಂದು ಊರವರೆಲ್ಲರ ಪರವಾಗಿ ಹೂಡಿದ ಪ್ರಾತಿನಿಧಿಕ ದಾವೆಗಳನ್ನು, ಆಸಕ್ತರೆಲ್ಲರಿಗೂ ವಾದಿಯ ಖರ್ಚಿನಲ್ಲಿ ನೋಟಿಸು ಹೋಗದೆ ಹಿಂಪಡೆಯಲಾಗದು. ಪ್ರತಿವಾದಿ ಪ್ರತಿದಾವೆ ಹೂಡಿದ್ದರೆ ವಾದಿ ಎದ್ದು ಹೋದ ಮೇಲೂ ಅದು ತನ್ನ ಪಾಡಿಗೆ ನಡೆಯುತ್ತದೆ.

ಈ ತತ್ವ ದಾವೆಗಳ ಆಚೆಗೂ ಹರಡಿದೆ. ಸರ್ಗೂಜಾ ಟ್ರಾನ್ಸ್‌ಪೋರ್ಟ್ ಸರ್ವಿಸ್ ಪ್ರಕರಣದಲ್ಲಿ, ಹೈಕೋರ್ಟಿನಲ್ಲಿ ಹೂಡಿದ ರಿಟ್ ಅರ್ಜಿಯನ್ನು ಹೊಸ ಅರ್ಜಿಯ ಅನುಮತಿಯಿಲ್ಲದೆ ಹಿಂಪಡೆದವರು ಅದೇ ವಿಷಯಕ್ಕೆ ಸಂವಿಧಾನದ 226ನೆಯ ವಿಧಿಯಡಿ ಮತ್ತೆ ಬರುವಂತಿಲ್ಲ ಎಂದು 1986ರಲ್ಲಿ ತೀರ್ಪಾಯಿತು. ಅದನ್ನು ಬರೆದವರು ಮಂಡ್ಯ ಜಿಲ್ಲೆಯವರಾದ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯನವರು. ರಿಟ್ ಅರ್ಜಿಗೆ ಸಂಹಿತೆಯ ನಿಯಮ ನೇರವಾಗಿ ಅನ್ವಯಿಸದಿದ್ದರೂ ಸಾರ್ವಜನಿಕ ನೀತಿಯ ದೃಷ್ಟಿಯಿಂದ ಅದರ ತತ್ವ ಅನ್ವಯಿಸಬೇಕು ಎಂದ ಅವರು, ಹೇಬಿಯಸ್ ಕಾರ್ಪಸ್‌ನಂಥ, ವ್ಯಕ್ತಿಯ ಸ್ವಾತಂತ್ರ್ಯದ ಅರ್ಜಿಗಳನ್ನು ಅದರಿಂದ ಹೊರಗಿಟ್ಟರು. ದಾವೆಯಂಥ ಬೇರೆ ಪರಿಹಾರದ ದಾರಿಗಳೂ ತೆರೆದೇ ಇರಬಹುದು ಎಂದರು. ನಿಯಮವನ್ನು ವಿಸ್ತರಿಸುವಾಗಲೇ ಅದು ಯಾರನ್ನು ಮುಟ್ಟಬಾರದು ಎಂದು ಯೋಚಿಸಿದ ಆ ಎಚ್ಚರ ನನಗೆ ಬಹಳ ಹಿಡಿಸುತ್ತದೆ. 2024ರ ನವೆಂಬರಿನಲ್ಲಿ ಎಚ್‌ಪಿಸಿಎಲ್ ಬಯೋ-ಫ್ಯೂಯಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಮಧ್ಯಸ್ಥಗಾರರ ನೇಮಕಕ್ಕಾಗಿ ಸಲ್ಲಿಸುವ ಅರ್ಜಿಗಳಿಗೂ ಅನ್ವಯಿಸಿತು.

ರಾಜಿಯ ಕಾರಣಕ್ಕೆ ಕೇಸು ಮುಗಿಸುವವರು ಹಿಂಪಡೆಯುವ ದಾರಿಯನ್ನೇ ಹಿಡಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆಂದೇ ಆದೇಶ 23ರ ಮೂರನೆಯ ನಿಯಮವಿದೆ. ರಾಜಿಯ ಷರತ್ತುಗಳನ್ನು ಬರೆದು, ಇಬ್ಬರೂ ಸಹಿ ಹಾಕಿ, ನ್ಯಾಯಾಲಯಕ್ಕೆ ಸಲ್ಲಿಸಿದರೆ ಅದರಂತೆ ಡಿಕ್ರಿಯಾಗುತ್ತದೆ. ಎದುರಾಳಿ ಮಾತಿಗೆ ತಪ್ಪಿದರೆ ಹೊಸ ದಾವೆಯ ಪ್ರಶ್ನೆಯೇ ಬರುವುದಿಲ್ಲ. ಡಿಕ್ರಿಯ ಅಮಲ್ಜಾರಿಗೆ, ಅಂದರೆ ಅದನ್ನು ಜಾರಿಗೆ ತರಲು, ಅರ್ಜಿ ಹಾಕಿದರಾಯಿತು, ಸ್ವಾಧೀನದ ಡಿಕ್ರಿಗೆ ಅದಕ್ಕೆ 12 ವರ್ಷಗಳ ಅವಕಾಶವಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 21ನೆಯ ಕಲಮಿನ ಪ್ರಕಾರ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಆ ರೈತನ ರಾಜಿ ಹೀಗೆ ದಾಖಲಾಗಿದ್ದಿದ್ದರೆ ಕೊಯ್ಲು ಮುಗಿದ ಮಾರನೆಯ ದಿನವೇ ಅವನಿಗೆ ಅಮಲ್ಜಾರಿಯ ಹಕ್ಕು ಇರುತ್ತಿತ್ತು. ಹಿರಿಯರ ಮಾತನ್ನು ಕಾಗದಕ್ಕೆ ಇಳಿಸುವುದು ಅವರಿಗೆ ಮಾಡುವ ಅವಮಾನವಲ್ಲ, ಅವರು ಇಲ್ಲದ ದಿನವೂ ಅವರ ಮಾತು ನಡೆಯುವಂತೆ ಮಾಡುವ ಏರ್ಪಾಡು ಎಂದು ನಾನು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ನ್ಯಾಯಾಧೀಶರಲ್ಲಿಯೂ ಒಂದು ಕೋರಿಕೆ: ಮೆಮೊ ದಾಖಲಿಸುವ ಮೊದಲು ವಾದಿಯನ್ನು ಹತ್ತಿರ ಕರೆದು, ಇದೇ ವಿಷಯಕ್ಕೆ ಮತ್ತೆ ಬರಲಾಗುವುದಿಲ್ಲ ಎಂಬುದು ನಿಮಗೆ ಗೊತ್ತೇ ಎಂದು ಕನ್ನಡದಲ್ಲಿ ಒಂದು ಮಾತು ಕೇಳಿದರೆ ಬಹಳಷ್ಟು ಅನ್ಯಾಯ ಅಲ್ಲಿಯೇ ತಪ್ಪುತ್ತದೆ. ಹಾಗೆ ಕೇಳುವವರು ಇದ್ದಾರೆ, ಅವರ ನ್ಯಾಯಾಲಯದಲ್ಲಿ ಮೆಮೊ ವಾಪಸ್ ಪಡೆದು ರಾಜಿ ಅರ್ಜಿ ಹಾಕಿದ್ದನ್ನು ನಾನು ನೋಡಿದ್ದೇನೆ.

ಮೆಮೊ ಹೋಗಿಬಿಟ್ಟಿದ್ದರೆ ಏನು ಮಾಡಬಹುದು? ಆದೇಶ ಇನ್ನೂ ಆಗಿಲ್ಲವಾದರೆ ಹಿಂಪಡೆಯುವ ಅರ್ಜಿಯನ್ನೇ ಹಿಂಪಡೆಯಬಹುದು. ಅದಕ್ಕೆ ಸಂಹಿತೆಯಲ್ಲಿ ಅಡ್ಡಿಯಿಲ್ಲವೆಂದು ರಾಜೇಂದ್ರ ಪ್ರಸಾದ್ ಗುಪ್ತಾ ವಿರುದ್ಧ ಪ್ರಕಾಶ್ ಚಂದ್ರ ಮಿಶ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶವಾಗಿದ್ದರೆ, ಅದನ್ನು ಮರಳಿ ಪಡೆದು ಹಳೆಯ ದಾವೆಯನ್ನೇ ಎಬ್ಬಿಸುವಂತೆ 151ನೆಯ ಕಲಮಿನ ಅಂತರ್ಗತ ಅಧಿಕಾರದಡಿ ಅದೇ ನ್ಯಾಯಾಲಯವನ್ನು ಕೇಳಬಹುದು. ನ್ಯಾಯದ ಹಿತಕ್ಕಾಗಿ ಆ ಅಧಿಕಾರವನ್ನು ಬಳಸಬಹುದು ಎಂಬುದಕ್ಕೆ ಜೆಟ್ ಪ್ಲೈವುಡ್ ವಿರುದ್ಧ ಮಧುಕರ್ ನವ್ಲಖಾ ಪ್ರಕರಣದ 2006ರ ತೀರ್ಪು ಆಧಾರ. ಆ ರೈತನಿಗೂ ನಾನು ಸೂಚಿಸಿದ್ದು ಈ ದಾರಿಯನ್ನೇ. ಅರ್ಜಿಯ ಜೊತೆ ಕಟ್ಟೆಯ ಮೇಲೆ ಅಂದು ಕುಳಿತಿದ್ದ, ಈಗಲೂ ಇರುವ ಇಬ್ಬರ ಪ್ರಮಾಣಪತ್ರಗಳನ್ನು ಹಾಕಿದ್ದೇವೆ. ವಿಳಂಬವನ್ನು ವಿವರಿಸಬೇಕಾಗಿದೆ, ರಾಜಿಯ ಮಾತು ನಂಬಿಸಿ ಮೆಮೊ ಹಾಕಿಸಲಾಯಿತು ಎಂಬುದನ್ನು ತೋರಿಸಬೇಕಾಗಿದೆ, ಎದುರು ಪಕ್ಷದ ಆಕ್ಷೇಪಣೆ ಬಂದಿದೆ. ಅರ್ಜಿ ಈಗ ವಾದಕ್ಕೆ ನಿಂತಿದೆ.